ತೂಕ ಬ್ಯಾಡಗ್ಯಾಗ, ಸ್ಟಾಕ್ ಗದಗಿನ್ಯಾಗ: ಮಂದಿ, ಜಾಗ, ಮಶೀನು ಸಾಫ್ಟ್‌ವೇರ್ ಒಳಗ ತಪ್ಪಿ ಜೋಡಿಸಿದ್ರ ಹೆಂಗ ಹುಡಕೂದು

ನಮ್ಮದೊಂದು ಮಸಾಲಿ ಕಂಪನಿ. ಹೆಡ್ ಆಫೀಸ್, ಖಾರಪುಡಿ ಗಿರಣಿ ಎರಡೂ ಹುಬ್ಬಳ್ಳಿ ಗೋಕುಲ ರೋಡ್‌ನ್ಯಾಗ, ಖರೀದಿ ಮತ್ತ ಕೋಲ್ಡ್ ಸ್ಟೋರೇಜ್ ಬ್ಯಾಡಗ್ಯಾಗ, ಗದಗಿನ್ಯಾಗ ಒಂದು ಡಿಪೋ. ಮೂರೂ ಕಡೆ ಕಂಪ್ಯೂಟರ್ ನೋಡ್ಕೊಳ್ಳಾಂವ ನಾ ಒಬ್ಬನ. ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ ಸೋಮವಾರ ಮತ್ತ ಗುರುವಾರ, ಸೀಸನ್‌ನ್ಯಾಗ ಆ ಎರಡು ದಿನ ಊಟದ ಹೊತ್ತಿಗೂ ಫೋನ್ ಕೆಳಗ ಇಡಾಕ ಆಗಂಗಿಲ್ಲ.

ಹೋದ ಸೀಸನ್‌ನ್ಯಾಗ ಒಂದ್ ಗುರುವಾರ ಸಂಜಿಗೆ ಅಕೌಂಟ್ಸ್ ಅಕ್ಕಾರು ಫೋನ್ ಮಾಡಿದ್ರು. "ತಮ್ಮಾ, ಗದಗ ಡಿಪೋದಾಗ 212 ಚೀಲ ಡಬ್ಬಿ ಮೆಣಸಿನಕಾಯಿ ತೋರಸಾಕತ್ತೇತಲ್ಲ, ಅಲ್ಲೆ ನಾವು ಯಾವಾಗ ಇಳಿಸೀವಿ?" ಗದಗಿನ್ಯಾಗ ಇರೂದು ಪ್ಯಾಕೆಟ್ ಖಾರಪುಡಿ ಅಷ್ಟ, ಇಡೀ ಕಾಯಿ ಅಲ್ಲಿ ಒಂದ್ ಚೀಲನೂ ಇಲ್ಲ, ಡಬ್ಬಿನೂ ಇಲ್ಲ, ಇನ್ನೊಂದು ಜಾತಿ ಕಡ್ಡಿನೂ ಇಲ್ಲ. ಆಕಡೆ ಬ್ಯಾಡಗಿ ಗೋಡೌನ್ ಮೈನಸ್‌ಗೆ ಹೋಗಿತ್ತು. ಕಣ್ಣ ಮುಂದ ಚೀಲ ಒಟ್ಟ್ಯಾರ, ಸ್ಕ್ರೀನ್ ಮ್ಯಾಲ ಏನೂ ಇಲ್ಲ, ಹಿಂಗಾಗಿ ಗಿರಣಿಗೆ ಕಳಸೂ ಲೋಡಿಗೆ ಚಲನ್ ಹರಿಯವಲ್ದು, ಲಾರಿ ಡ್ರೈವರ್ ಬೀಡಿ ಸೇದ್ಕೋತ ಗೇಟಿನ್ಯಾಗ ಕುಂತಾನ.

ಸಾಫ್ಟ್‌ವೇರ್ ಕೊಟ್ಟವರು "ನಿಮ್ಮ ಹುಡುಗ್ರು ತಪ್ಪು ಗೋಡೌನ್ ಆರಿಸ್ಯಾರ" ಅಂದ್ರು. ಹುಡುಗ್ರು "ಸಾಫ್ಟ್‌ವೇರಿಗೆ ಹುಚ್ಚ ಹಿಡದೇತಿ" ಅಂದ್ರು. ಇಬ್ಬರದೂ ತಪ್ಪು. ಯಾಕ ಅನ್ನೂದು ಕೆಳಗ ವೇಬ್ರಿಜ್ (ಲಾರಿ ತೂಗೂ ಕಾಟಾ) ಮಾತು ಬಂದಾಗ ಹೇಳತೀನಿ. ಅದಕ್ಕೂ ಮೊದಲ ಇಂಥಾ ದೋಷ ಹೆಂಗ ಹಿಡೀಬೇಕು ಅನ್ನೂದನ್ನ ಬರೀತೀನಿ, ಯಾಕಂದ್ರ ನಾನೂ ಮೊದಲ ಎರಡು ವರ್ಷ ಸುಳ್ಳ ಕತ್ತಲ್ಯಾಗ ಗುದ್ದಾಡೀನಿ.

ಮೂರು ಗಂಟು

ಯಾವ ಸಾಫ್ಟ್‌ವೇರ್ ಇರಲಿ, ಒಂದ್ ಎಂಟ್ರಿ ಬಿತ್ತಂದ್ರ ಅದಕ್ಕ ಮೂರು ಗಂಟು ಇರತಾವ. ಯಾರು ಮಾಡಿದ್ರು, ಯಾವ ಜಾಗದ್ದು, ಯಾವ ಮಶೀನಿಂದ ಬಂತು. ಮೂರೂ ಸರಿ ಇದ್ರ ಯಾರಿಗೂ ಗೊತ್ತ ಆಗಂಗಿಲ್ಲ. ಒಂದು ಜಾರಿದ್ರ ಕಂಪ್ಲೇಂಟ್ ಮಾತ್ರ ಇನ್ನೊಂದರ ಹೆಸರಿನ್ಯಾಗ ಬರತೇತಿ, ಅಂದ್ರ ಪ್ರಿಂಟರ್ ಹಾಳಾಗೇತಿ ಅಂತಾರ, ನೋಡಿದ್ರ ಜಾಗದ ತಪ್ಪಿರತೇತಿ, ಪರ್ಮಿಶನ್ ಇಲ್ಲ ಅಂತಾರ, ನೋಡಿದ್ರ ಲ್ಯಾಪ್‌ಟಾಪ್‌ನ್ಯಾಗ ಹಳೆ ಮನಷ್ಯಾನ ಲಾಗಿನ್ ಹಂಗ ಉಳದಿರತೇತಿ.

ಜಾಗಕ್ಕ ಒಂದೊಂದು ಸಾಫ್ಟ್‌ವೇರ್ ಒಂದೊಂದು ಹೆಸರು ಇಟ್ಟಾವ. ಟ್ಯಾಲಿ ಒಳಗ ಗೋಡೌನ್, ಇಆರ್‌ಪಿನೆಕ್ಸ್ಟ್ ಒಳಗ ವೇರ್‌ಹೌಸ್, ಸ್ಯಾಪ್ ಒಳಗ ಕಂಪನಿ ಕೋಡ್, ಅದರ ಕೆಳಗ ಪ್ಲಾಂಟ್, ಪ್ಲಾಂಟಿನ ಕೆಳಗ ಸ್ಟೋರೇಜ್ ಲೊಕೇಶನ್, ಈ ಮೂರಕ್ಕೂ 4 ಅಕ್ಷರದ ಕೋಡ್. ಹೆಸರು ಏನರ ಇರಲಿ, ತ್ರಾಸು ಬ್ಯಾರೆ ಕಡೆ ಐತಿ. ನಮಗ ಬ್ಯಾಡಗಿ ಅಂದ್ರ ಒಂದು ಕಾಂಪೌಂಡು, ಒಂದು ಗೇಟು. ಸಾಫ್ಟ್‌ವೇರಿಗೆ ಬ್ಯಾಡಗಿ ಐದು ಸಲ ಬರತೇತಿ: ಸ್ಟಾಕ್ ಇಡೂ ಗೋಡೌನ್ ಆಗಿ, ಖರ್ಚ ಬರಿಯೂ ಕಾಸ್ಟ್ ಸೆಂಟರ್ ಆಗಿ, ಜಿಎಸ್‌ಟಿ ಒಳಗ ಹೆಚ್ಚಿನ ವ್ಯವಹಾರದ ಸ್ಥಳ ಆಗಿ, ಹಾಜರಿ ಮಶೀನಿನ ಲೊಕೇಶನ್ ಆಗಿ, ಪ್ರಿಂಟರ್ ಲಿಸ್ಟಿನ್ಯಾಗ ಒಂದು ಹೆಸರಾಗಿ. ಐದೂ ಕಡೆ ಬ್ಯಾರೆ ಬ್ಯಾರೆ ಮಂದಿ ಬ್ಯಾರೆ ಬ್ಯಾರೆ ವರ್ಷ ಟೈಪ್ ಮಾಡ್ಯಾರ. ಒಬ್ಬರು ಬ್ಯಾಡಗಿ ಅಂತ ಬರದಾರ, ಒಬ್ಬರು ಬ್ಯಾಡಗಿ ಹೊಸಾದು, ಒಬ್ಬರು ಕೋಲ್ಡ್ ಸ್ಟೋರೇಜ್ ಅಂತಷ್ಟ ಬರದ ಬಿಟ್ಟಾರ.

ಹುಬ್ಬಳ್ಳಿದಂತೂ ಕೇಳಬ್ಯಾಡ್ರಿ. 2014ರ ನವೆಂಬರ್ 1ಕ್ಕ ಸರ್ಕಾರ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲ ಮಾಡಿದ ಮ್ಯಾಲ ಹಳೆ ಮಾಸ್ಟರಿನ್ಯಾಗ, ಅಂದ್ರ ಸಾಫ್ಟ್‌ವೇರ್ ಒಳಗಿನ ಜಾಗದ ಮೂಲ ಪಟ್ಟಿಯಾಗ, ಹುಬ್ಳಿ ಹಂಗ ಉಳಕೊಂತು, ಆಮ್ಯಾಲೆ ಬಂದವರು ಹುಬ್ಬಳ್ಳಿ ಅಂತ ಹೊಸಾದು ಮಾಡಿದ್ರು. ಸಾಫ್ಟ್‌ವೇರ್ ಲೆಕ್ಕಕ್ಕ ಅವು ಎರಡು ಊರು. ಅರ್ಧ ಮಂದಿ ಹಳೆ ಊರಾಗ, ಅರ್ಧ ಮಂದಿ ಹೊಸ ಊರಾಗ. ರಿಪೋರ್ಟ್ ತಗದ್ರ ಗಿರಣಿ ಉತ್ಪಾದನಿ ಅರ್ಧ ಕಾಣತಿತ್ತು, ಮಾಲಕರು "ಉಳದ ಖಾರಪುಡಿ ಎಲ್ಲಿ ಹೋತು" ಅಂತ ಮ್ಯಾನೇಜರ್ ಮ್ಯಾಲ ಹರಿಹಾಯ್ದಿದ್ರು, ಪಾಪ.

ಮೊದಲ ಕಂಪ್ಲೇಂಟ್ ಬಿಡಿಸಿ ಕೇಳ್ರಿ

"ಬರವಲ್ದು." ನಮ್ಮ ಕಡೆ ಎಲ್ಲಾ ಕಂಪ್ಲೇಂಟೂ ಈ ಒಂದ ಮಾತಿನ್ಯಾಗ ಬರತೇತಿ. ಬರವಲ್ದು ಅಂದ್ರ ಏನು? ನಾ ಫೋನ್‌ನ್ಯಾಗ ಇದನ್ನ ಕೇಳತೀನಿ: ಸ್ಕ್ರೀನೇ ಕಾಣವಲ್ದೋ, ಲಿಸ್ಟಿನ್ಯಾಗ ಕಾಣತೇತಿ ಆದ್ರ ಒತ್ತಿದ್ರ ತಗಿಯವಲ್ದೋ, ತಗೀತೇತಿ ಆದ್ರ ಸೇವ್ ಆಗವಲ್ದೋ, ಸೇವ್ ಆಗೇತಿ ಆದ್ರ ಬ್ಯಾರೆ ಜಾಗಕ್ಕ ಹೋಗೇತೋ, ಎಲ್ಲಾ ಸರಿ ಆಗೇತಿ ಕಾಗದ ಅಷ್ಟ ಬರವಲ್ದೋ.

ಸ್ಕ್ರೀನ್ ಕಾಣವಲ್ದು ಅಂದ್ರ ರೋಲ್ (ಯಾರು ಯಾವ ಕೆಲಸ ಮಾಡಬಹುದು ಅನ್ನೂ ಹಕ್ಕು) ತಪ್ಪೇತಿ, ಹೆಚ್ಚಿಗಿ ತಲಿ ಕೆಡಿಸ್ಕೊಳ್ಳೂದ ಬ್ಯಾಡ. ಕಾಣತೇತಿ ತಗಿಯವಲ್ದು, ಇಲ್ಲಾ ತಗೀತೇತಿ ಸೇವ್ ಆಗವಲ್ದು ಅಂದ್ರ ಹೆಚ್ಚಾಗಿ ರೋಲ್ ಸರಿ ಇರತೇತಿ, ಜಾಗದ ಪರ್ಮಿಶನ್ ಕಮ್ಮಿ ಬಿದ್ದಿರತೇತಿ. ಬ್ಯಾರೆ ಜಾಗಕ್ಕ ಹೋಗೇತಿ ಅಂದ್ರ ಪರ್ಮಿಶನ್ ಹೆಚ್ಚಾಗೇತಿ, ಇಲ್ಲಾ ಡಿಫಾಲ್ಟ್ ಗೋಡೌನ್ ಹಳೇದು ಉಳದೇತಿ, ಇಲ್ಲಾ ಮಶೀನ್ ತನ್ನ ಜಾಗ ತಪ್ಪಿ ಹೇಳಾಕತ್ತೇತಿ. ಕಾಗದ ಅಷ್ಟ ಬರವಲ್ದು ಅಂದ್ರ ಸಾಫ್ಟ್‌ವೇರ್ ಬಿಟ್ಟು ವೈರ್ ಹಿಡೀರಿ. ಫೋಟೋ ಕಳಸ್ರಿ ಅಂದ್ರ ಮಂದಿ ಎರರ್ ಬಂದ ಡಬ್ಬಿ ಅಷ್ಟ ಕಳಸತಾರ, ಹಂಗಲ್ಲ, ಮ್ಯಾಲಿನ ಮೂಲ್ಯಾಗ ಯಾರ ಹೆಸರಿಲೆ ಲಾಗಿನ್ ಆಗೇತಿ ಅನ್ನೂದೂ ಬರೂವಂಗ ಇಡೀ ಸ್ಕ್ರೀನ್ ಕಳಸ್ರಿ ಅಂತ ಹೇಳ್ರಿ. ನನ್ನ ಅರ್ಧ ಕೇಸ್ ಆ ಮೂಲಿ ನೋಡೇ ಬಗಿಹರದಾವ.

ಎರಡನೇ ಪ್ರಶ್ನಿ: ನಿನ್ನಿಂದ ಇವತ್ತಿಗೆ ಏನು ಬದಲಾತು? "ಏನೂ ಇಲ್ಲ ಸರ್" ಅಂತನ ಹೇಳತಾರ. ಹಂಗ ಕೇಳಬಾರದು. ಯಾರರ ಹೊಸಬರು ಬಂದಾರೇನು, ಯಾರರ ಬ್ಯಾರೆ ಊರಿಗೆ ಹೋದ್ರೇನು, ಟೇಬಲ್ ಸರಿಸೀರೇನು, ಕರೆಂಟ್ ಹೋಗಿತ್ತೇನು, ರೌಟರ್ ಬದಲ ಮಾಡ್ಯಾರೇನು, ಯಾವದರ ವೈರ್ ತಗದು ಹೊಳ್ಳಿ ಹಚ್ಚೀರೇನು, ಹಿಂಗ ಒಂದೊಂದಾಗಿ ಕೇಳಿದ್ರ ನಾಲ್ಕನೇದಕ್ಕರ "ಹಾಂ ಅದೊಂದು ಮಾಡೇವ್ರಿ" ಅಂತಾರ.

ಅದಲ ಬದಲಿ

ಇನ್ನೂ ಗೊತ್ತಾಗಲಿಲ್ಲಂದ್ರ ಎರಡು ಅದಲ ಬದಲಿ ಮಾಡ್ರಿ. ಅದ ಮನಷ್ಯಾ ಬಾಜೂಕಿನ ಕಂಪ್ಯೂಟರಿನ್ಯಾಗ ಲಾಗಿನ್ ಆಗಿ ಅದ ಕೆಲಸ ಮಾಡಲಿ. ಆಮ್ಯಾಲೆ ಇನ್ನೊಬ್ಬ ಮನಷ್ಯಾ ತ್ರಾಸು ಇದ್ದ ಕಂಪ್ಯೂಟರಿನ್ಯಾಗ ಮಾಡಲಿ. ತ್ರಾಸು ಮನಷ್ಯಾನ ಬೆನ್ನ ಹತ್ತಿ ಹೋತಂದ್ರ ರೋಲೋ ಪರ್ಮಿಶನ್ನೋ. ಕಂಪ್ಯೂಟರಿಗೇ ಅಂಟಿ ಕುಂತ್ರ ಮಶೀನು. ಎರಡೂ ಕಡೆ ಐತಿ ಅಂದ್ರ ಜಾಗದ ಮಾಸ್ಟರ್ ಕೆಟ್ಟೇತಿ. ಹತ್ತು ನಿಮಿಷದ ಕೆಲಸ, ಆದ್ರ ಮಂದಿ ಮಾಡಂಗಿಲ್ಲ, ಯಾಕಂದ್ರ ಎಲ್ಲಾರ ಪಾಸ್‌ವರ್ಡೂ ಎಲ್ಲಾರಿಗೂ ಗೊತ್ತಿರತೇತಿ, ಹಿಂಗಾಗಿ ಯಾರ ಲಾಗಿನ್‌ನ್ಯಾಗ ಯಾರು ಕುಂತಾರ ಅನ್ನೂದ ತಿಳಿಯಂಗಿಲ್ಲ.

ಒಂದು ಕೆಟ್ಟ ಔಷಧಿ ಬಗ್ಗೆ ಇಲ್ಲೇ ಹೇಳಿಬಿಡತೀನಿ. ಮಾರ್ಕೆಟ್ ದಿನ, ಲಾರಿ ನಿಂತಾವ, ಮ್ಯಾನೇಜರ್ ಫೋನ್ ಮಾಡಿ "ಅವಂಗ ಎಲ್ಲಾ ರೈಟ್ಸ್ ಕೊಟ್ಟ ಬಿಡೋ ಮಾರಾಯ" ಅಂತಾರ. ಕೊಟ್ರ ಕೆಲಸ ಆಗತೇತಿ, ಖರೆ. ಆದ್ರ ಆಮ್ಯಾಲೆ ಆಂವ ಯಾವ ಜಾಗಕ್ಕ ಬರದ್ರೂ ಸಾಫ್ಟ್‌ವೇರ್ ಹೂಂ ಅಂತೇತಿ, ಎರರ್ ಬರೂದ ನಿಂತುಬಿಡತೇತಿ, ತಪ್ಪು ಮಾತ್ರ ಒಳಗ ಬೆಳಕೋತ ಹೋಗತೇತಿ. ಎರರ್ ಬರೂದು ಚೊಲೋ, ಬ್ಯಾನಿ ಇದ್ದಂಗ ಅದು, ಎಲ್ಲಿ ಕೆಟ್ಟೇತಿ ಅಂತ ತೋರಸತೇತಿ. ಖರೀದಿ ಬರಿಯಾಂವಗ ಪೇಮೆಂಟ್ ಮಾಡೂ ಹಕ್ಕೂ ಕೊಟ್ರ ಏನಾಗತೇತಿ ಅನ್ನೂದು ಬ್ಯಾರೆ ಹೇಳಬೇಕಾಗಿಲ್ಲ.

ಮಂದಿ ಕಡೆಯ ತಪ್ಪು

ರೋಲ್ ಬ್ಯಾರೆ, ಜಾಗದ ಪರ್ಮಿಶನ್ ಬ್ಯಾರೆ. ಇದೊಂದು ತಿಳದ್ರ ಭಾಳ ಹಗುರ ಆಗತೇತಿ. ಇಆರ್‌ಪಿನೆಕ್ಸ್ಟ್ ಒಳಗ ರೋಲ್ ಅಂದ್ರ ಯಾವ ಫಾರ್ಮ್ ತಗದು ಏನ್ ಮಾಡಬಹುದು ಅನ್ನೂದು, ಯೂಸರ್ ಪರ್ಮಿಶನ್ ಅಂದ್ರ ಆ ಫಾರ್ಮಿನ್ಯಾಗ ಯಾವ ಕಂಪನಿದು ಯಾವ ಗೋಡೌನಿನ ಕಾಗದ ಕಾಣಬೇಕು ಅನ್ನೂದು. ಇಆರ್‌ಪಿನೆಕ್ಸ್ಟಿನ ಸಿಸ್ಟಮ್ ಸೆಟ್ಟಿಂಗ್ಸ್ ಒಳಗ ಸ್ಟ್ರಿಕ್ಟ್ ಅನ್ನೂ ಟಿಕ್ ಹಾಕಿದ್ರ ಜಾಗದ ಕಾಲಂ ಖಾಲಿ ಬಿಟ್ಟ ಕಾಗದನೂ ಕಾಣದಂಗ ಆಗತಾವ, ನಿನ್ನೆ ಮಟ ಕಾಣತಿದ್ದ ಹಳೆ ಬಿಲ್ ಇವತ್ತ ಕಾಣವಲ್ದು ಅಂತ ಗದ್ದಲ ಆದ್ರ ಅದನ್ನ ಮೊದಲ ನೋಡ್ರಿ. ಸ್ಯಾಪ್ ಇದ್ದವರಿಗೆ ಇನ್ನೊಂದು ಸೌಲತ್ತು ಐತಿ, ತಡೆ ಬಂದ ಕೂಡಲೇ ಆ ಯೂಸರ್ ತನ್ನ ಲಾಗಿನ್‌ನ್ಯಾಗ ಎಸ್‌ಯು53 ಅನ್ನೂ ಕೋಡ್ ಹಾಕಿದ್ರ ಯಾವ ಚೆಕ್ ಫೇಲ್ ಆತು, ಯಾವ ಪ್ಲಾಂಟ್ ಕೇಳತು ಅಂತ ತೋರಸತೇತಿ. ಕೂಡಲೇ ಹಾಕಬೇಕು, ನಡಕ ಇನ್ನೊಂದು ಕೆಲಸ ಮಾಡಿ ಹಾಕಿದ್ರ ಬ್ಯಾರೇನ ತೋರಿಸಿ ದಾರಿ ತಪ್ಪಸತೇತಿ.

ನಮ್ಮಲ್ಲಿ ಎಲ್ಲಾಕ್ಕಿಂತ ಹೆಚ್ಚು ಸಲ ಆಗಿದ್ದು ಬದಲಿ ಆದವರದ್ದು. ಬ್ಯಾಡಗಿ ಸ್ಟೋರ್ ಅಣ್ಣಾರನ್ನ ಗದಗಿಗೆ ಹಾಕಿದ್ರು, ನಾ ಅವರಿಗೆ ಗದಗ ಕೊಟ್ಟೆ, ಬ್ಯಾಡಗಿ ತಗೀಲಿಲ್ಲ, "ಎರಡು ದಿನ ಹಳೆ ಲೆಕ್ಕ ಮುಗಸಲಿ" ಅಂತ ಬಿಟ್ಟಿದ್ದೆ. ಆ ಎರಡು ದಿನ ಎಂಟು ತಿಂಗಳಾತು. ಅವರ ಡಿಫಾಲ್ಟ್ ಗೋಡೌನ್ ಬ್ಯಾಡಗಿನ ಇತ್ತು, ಗದಗಿನ್ಯಾಗ ಕುಂತು ಅವಸರದಾಗ ಎಂಟರ್ ಎಂಟರ್ ಒತ್ಕೋತ ಹೋದ್ರ ಎಲ್ಲಾ ಬ್ಯಾಡಗಿಗೆ ಬೀಳತಿತ್ತು. ಈಗ ನಾ ಬದಲಿ ಅಂದ್ರ ಹಳೇದು ತಗದ ಹೊಸಾದು ಕೊಡತೀನಿ, ಹಳೆ ಲೆಕ್ಕ ನೋಡೂದಿದ್ರ ಓದಾಕಷ್ಟ ಹಕ್ಕು.

ಇನ್ನೊಂದು ಮಜಾ ಕೇಸ್. ಬ್ಯಾಡಗಿ ಸ್ಟೋರಿನವರಿಗೆ ಬ್ಯಾಡಗಿ ಗೋಡೌನ್ ಅಷ್ಟ ಕೊಟ್ಟಿತ್ತು, ಬರೋಬ್ಬರಿ. ಆದ್ರ ಹುಬ್ಬಳ್ಳಿ ಗಿರಣಿಗೆ ಮಾಲ್ ಕಳಸೂ ಟ್ರಾನ್ಸ್‌ಫರ್ ಬರದ್ರ ಸೇವ್ ಆಗವಲ್ದು. ಯಾಕಂದ್ರ ಆ ಕಾಗದದಾಗ ಎರಡು ಗೋಡೌನ್ ಇರತಾವ, ಹೋಗೂದು ಬ್ಯಾಡಗಿಯಿಂದ, ಮುಟ್ಟೂದು ಹುಬ್ಬಳ್ಳಿಗೆ, ಹುಬ್ಬಳ್ಳಿ ಅವರ ಕೈಯಾಗ ಇಲ್ಲ. ಹುಬ್ಬಳ್ಳಿ ಕೊಟ್ಟಬಿಟ್ರ ಆಗತಿತ್ತು, ಆಗ ಅವರು ಗಿರಣಿ ಸ್ಟಾಕೂ ತಿದ್ದಬಹುದಿತ್ತು. ಹಂಗ ಮಾಡಲಿಲ್ಲ. ದಾರ್ಯಾಗಿನ ಮಾಲ್ ಅಂತ ನಡಕ ಒಂದು ಗೋಡೌನ್ ಮಾಡಿ ಇಬ್ಬರಿಗೂ ಅದನ್ನ ಕೊಟ್ವಿ. ಬ್ಯಾಡಗಿಯವರು ತಮ್ಮ ಗೋಡೌನಿಂದ ದಾರಿಗೆ ಹಾಕತಾರ, ಲಾರಿ ಗೋಕುಲ ರೋಡಿಗೆ ಬಂದು ಚೀಲ ಎಣಿಸಿದ ಮ್ಯಾಲ ಗಿರಣಿಯವರು ದಾರಿಯಿಂದ ತಮ್ಮ ಗೋಡೌನಿಗೆ ತಗೋತಾರ. ಇದರಿಂದ ಕೇಳದ ಒಂದು ಲಾಭ ಆತು: ಸಂಜಿಗೆ ದಾರ್ಯಾಗಿನ ಗೋಡೌನ್‌ನ್ಯಾಗ ಏನರ ಉಳದಿದ್ರ ಯಾವದೋ ಲಾರಿ ಇನ್ನೂ ಮುಟ್ಟಿಲ್ಲ, ಇಲ್ಲಾ ಚೀಲ ಕಮ್ಮಿ ಬಂದಾವ.

ಜಾಗದ ಮಾಸ್ಟರ್

ಹೊಸ ಗೋಡೌನ್ ಮಾಡೂ ಮುಂದ ಹಳೇದನ್ನ ಕಾಪಿ ಹೊಡಿಯೂದು ಎಲ್ಲಾರಿಗೂ ಚಟ. ನಾನೂ ಹುಬ್ಬಳ್ಳಿದು ಕಾಪಿ ಹೊಡದು ಹೆಸರು ಬದಲ ಮಾಡಿ ಬ್ಯಾಡಗಿ ಎರಡನೇ ಗೋಡೌನ್ ಮಾಡಿದ್ದೆ. ವಿಳಾಸದಾಗ ಪಿನ್ 580030 ಹಂಗ ಉಳದಿತ್ತು, ಬ್ಯಾಡಗಿದು 581106. ಸ್ಟಾಕ್, ಖರೀದಿ ಎಲ್ಲಾ ನಡೀತು, ಒಂದು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಇ-ವೇ ಬಿಲ್ (ಮಾಲ್ ಸಾಗಸಾಕ ಬೇಕಾಗೂ ಜಿಎಸ್‌ಟಿ ಕಾಗದ) ಮಾಡೂ ಮುಂದ ಸಿಕ್ಕಿಬಿತ್ತು. ಪೋರ್ಟಲ್ ಪಿನ್ ಇಂದ ಪಿನ್‌ಗೆ ದೂರ ಲೆಕ್ಕ ಹಾಕತೇತಿ, ಬಿಲ್ಲಿನ ಅವಧಿ ಆ ದೂರದ ಮ್ಯಾಲ ಐತಿ, 200 ಕಿಲೋಮೀಟರಿಗೆ ಒಂದು ದಿನ. ಹುಬ್ಬಳ್ಳಿಯಿಂದ ಹುಬ್ಬಳ್ಳಿಗೆ ಮಾಲ್ ಹೊಂಟಂಗ ಕಾಗದ ಬಂತು, ಲಾರಿ ನಿಂತಿರೂದು ಬ್ಯಾಡಗ್ಯಾಗ. ಹೈವೇದಾಗ ಯಾರರ ತಡದು ಕೇಳಿದ್ರ ಡ್ರೈವರ್ ಏನ್ ಹೇಳಬೇಕು?

ಒಂದ ರಾಜ್ಯದಾಗ ಒಂದ ಜಿಎಸ್‌ಟಿ ನಂಬರಿನ್ಯಾಗ ನಮ್ಮ ಗೋಡೌನಿಂದ ನಮ್ಮ ಗಿರಣಿಗೆ ಹೋದ್ರ ಅದು ಮಾರಾಟ ಅಲ್ಲ, ಡೆಲಿವರಿ ಚಲನ್ ಸಾಕು. ಆದ್ರ 50,000 ರೂಪಾಯಿ ಮ್ಯಾಲ ಇದ್ರ ಇ-ವೇ ಬಿಲ್ ಬೇಕ ಬೇಕು. ಭಾಳ ಮಂದಿ "ನಮ್ಮದ ಮಾಲ್ ಅಲ್ರಿ" ಅಂತ ಬಿಡತಾರ. ಕರ್ನಾಟಕದ ನಂಬರ್ ಎಲ್ಲಾ 29ರಿಂದ ಶುರು ಆಗತಾವ, ಹಿಂಗಾಗಿ ನಂಬರ್ ನೋಡಿ ಯಾವ ಊರಿನ ಗೋಡೌನ್ ಅಂತ ತಿಳಿಯಂಗಿಲ್ಲ, ವಿಳಾಸನ ಸರಿ ಇರಬೇಕು. ಕಾಪಿ ಹೊಡದ್ರ ಹೆಸರು ಬಿಟ್ಟು ಉಳದ ಎಲ್ಲಾ ಕಾಲಂ ಒಂದ್ಸಲ ಬಾಯಿಲೆ ಓದ್ಕೋತ ನೋಡ್ರಿ. ಕಣ್ಣಿಗೆ ತಪ್ಪಿದ್ದು ಕಿವಿಗೆ ಸಿಗತೇತಿ.

ವೇಬ್ರಿಜ್: 212 ಚೀಲದ ಕಥಿ

ಬ್ಯಾಡಗಿ ವೇಬ್ರಿಜ್ ಕ್ಯಾಬಿನ್ನಿನ ಲ್ಯಾಪ್‌ಟಾಪ್ ಬುಧವಾರ ಸತ್ತಿತ್ತು. ಗುರುವಾರ ಮಾರ್ಕೆಟ್ ಅಂತ ಗದಗ ಡಿಪೋದ ಒಂದು ಹಳೆ ಲ್ಯಾಪ್‌ಟಾಪ್ ಬಸ್ಸಿನ್ಯಾಗ ಕಳಸಿದ್ರು. ಅದರಾಗ ತೂಕ ಓದೂ ಸಣ್ಣ ಪ್ರೋಗ್ರಾಮ್ ಮೊದಲ ಇತ್ತು, ಯಾಕಂದ್ರ ಗದಗಿನ್ಯಾಗ ಪ್ಲಾಟ್‌ಫಾರ್ಮ್ ಕಾಟಾ ಐತಿ. ಹುಡುಗ ವೈರ್ ಹಚ್ಚಿದ, ತೂಕ ಬಂತು, ಎಲ್ಲಾರಿಗೂ ಖುಷಿ. ಆ ಪ್ರೋಗ್ರಾಮಿನ ಸೆಟ್ಟಿಂಗ್ ಫೈಲ್‌ನ್ಯಾಗ ಒಂದು ಸಾಲು ಇತ್ತು, ಜಾಗದ ಕೋಡ್ ಗದಗ ಅಂತ. ಲ್ಯಾಪ್‌ಟಾಪ್ ಬಂತು, ಜಾಗಾನೂ ಬೆನ್ನ ಹತ್ತಿ ಬಂತು. ದಿನಾ ಪೂರ್ತಿ ಇಳಿದ ಚೀಲ ಎಲ್ಲಾ ಗದಗಿನ ಲೆಕ್ಕಕ್ಕ ಬಿದ್ದವು. ಹುಡುಗ ಗೋಡೌನ್ ಆರಿಸೇ ಇಲ್ಲ, ಸಾಫ್ಟ್‌ವೇರ್ ತಾ ಕೇಳಿದ್ದನ್ನ ಬರಕೊಂಡೇತಿ. ಮಶೀನ್ ಸುಳ್ಳ ಹೇಳತು.

ಇದನ್ನ ಹಿಡದದ್ದು ಹೆಂಗ? ತೂಕದ ಚೀಟಿ ತಗದೆ, ಟೈಮ್ ನೋಡಿದೆ, ಎಲ್ಲಾ ಗುರುವಾರ ಮುಂಜಾನೆ ಮ್ಯಾಲಿನವು. ಬುಧವಾರದ ಮಟ ಒಂದೂ ತಪ್ಪಿಲ್ಲ. ಹಂಗಾರ ಬುಧವಾರ ರಾತ್ರಿ ಏನು ಬದಲಾತು? ಅಷ್ಟ. ಯಾವ ಹೊತ್ತಿಂದ ತಪ್ಪು ಶುರು ಆತು ಅನ್ನೂದು ಸಿಕ್ರ ಅರ್ಧ ಮುಗದಂಗ.

ವೇಬ್ರಿಜ್‌ನ್ಯಾಗ ಇನ್ನೊಂದು ಮಾಮೂಲಿ ತ್ರಾಸು ಐತಿ, ತೂಕ ಬರೂದ ಬಂದ್ ಆಗೂದು. ಕಾಟಾದ ತೂಕ ತೋರಸೂ ಇಂಡಿಕೇಟರ್ ಮ್ಯಾಲ ತೂಕ ಚೊಲೋ ಕಾಣತೇತಿ, ಸ್ಕ್ರೀನ್‌ನ್ಯಾಗ ಸೊನ್ನಿ. ಇಂಡಿಕೇಟರಿಂದ ಬರೂದು ಆರ್‌ಎಸ್232 ಸೀರಿಯಲ್ ವೈರ್, ಲ್ಯಾಪ್‌ಟಾಪಿಗೆ ಆ ಕಿಂಡಿ ಇಲ್ಲ, ನಡಕ ಯುಎಸ್‌ಬಿ ಕನ್ವರ್ಟರ್ ಇರತೇತಿ. ಸ್ವಚ್ಛ ಮಾಡಾವರು ವೈರ್ ತಗದು ಬಾಜೂಕಿನ ಕಿಂಡಿಗೆ ಹಚ್ಚತಾರ, ವಿಂಡೋಸ್ ಕೊಟ್ಟ ಪೋರ್ಟ್ ನಂಬರ್ ಕಾಮ್3 ಇದ್ದದ್ದು ಕಾಮ್5 ಆಗತೇತಿ, ಪ್ರೋಗ್ರಾಮ್ ಇನ್ನೂ ಕಾಮ್3ರ ಬಾಗಲಾ ಕಾಯ್ಕೋತ ಕುಂತಿರತೇತಿ. ಅಗ್ಗದ ಸಿಎಚ್340 ಚಿಪ್ಪಿನ ಕನ್ವರ್ಟರಿನ್ಯಾಗ ಸಾಮಾನ್ಯವಾಗಿ ತನ್ನದ ಅಂತ ಸೀರಿಯಲ್ ನಂಬರ್ ಇರಂಗಿಲ್ಲ, ಹಿಂಗಾಗಿ ವಿಂಡೋಸ್ ಪ್ರತಿ ಕಿಂಡಿಗೂ ಹೊಸ ಮಶೀನ್ ಬಂತು ಅಂತ ತಿಳ್ಕೊಳ್ಳತೇತಿ. ಎಫ್‌ಟಿಡಿಐ ಚಿಪ್ಪಿಂದು ತಗೊಂಡ್ರ ಯಾವ ಕಿಂಡಿಗೆ ಹಚ್ಚಿದ್ರೂ ಹಳೆ ನಂಬರ್ ಉಳಕೊಳ್ಳತೇತಿ, ರೊಕ್ಕ ಜಾಸ್ತಿ ಆದ್ರೂ ಅದನ್ನ ತಗೋರಿ. ಇದ್ದದ್ದನ್ನ ಸರಿ ಮಾಡೂದಾದ್ರ ಡಿವೈಸ್ ಮ್ಯಾನೇಜರಿನ್ಯಾಗ ಪೋರ್ಟ್ಸ್, ಅದರ ಅಡ್ವಾನ್ಸ್ಡ್ ಒಳಗ ಹೋಗಿ ನಂಬರ್ ಹೊಳ್ಳಿ 3 ಮಾಡಬಹುದು. 3 ಬಳಕಿಯಾಗೇತಿ ಅಂತ ತೋರಿಸಿದ್ರ ವ್ಯೂ ಒಳಗ ಹಿಡನ್ ಡಿವೈಸ್ ತೋರಸೂದು ಒತ್ರಿ, ಸತ್ತುಹೋದ ಹಳೇವು ಮಬ್ಬ ಬಣ್ಣದಾಗ ಕಾಣತಾವ, ಅವನ್ನ ತಗದ ಬಿಡ್ರಿ.

ಸೊನ್ನಿ ಬದಲಿ ಅಡ್ಡಾದಿಡ್ಡಿ ಅಕ್ಷರ ಬರಾಕತ್ರ ವೈರ್ ಸರಿ ಐತಿ, ಮಾತಾಡೂ ವೇಗ ಹೊಂದವಲ್ದು. ಬಾಡ್ ರೇಟ್ ಸಾಮಾನ್ಯವಾಗಿ 2400 ಇಲ್ಲಾ 9600, ಎರಡೂ ಹಾಕಿ ನೋಡ್ರಿ, ಆಗದಿದ್ರ ಪ್ಯಾರಿಟಿ ಅನ್ನೂ ಸೆಟ್ಟಿಂಗ್ ನೋಡ್ರಿ. ಪುಟ್ಟಿ (PuTTY) ಅನ್ನೂ ಪ್ರೋಗ್ರಾಮ್ ಹಚ್ಚಿ ಬರೇ ಪೋರ್ಟಿಗೆ ಕಿವಿ ಕೊಟ್ರ ಇಂಡಿಕೇಟರ್ ಏನ್ ಕಳಸತೇತಿ ಅನ್ನೂದು ಹಸಿ ಹಸಿ ಕಾಣತೇತಿ, ಅಲ್ಲಿ ತೂಕ ಸರಿ ಬಂದ್ರ ಇಂಡಿಕೇಟರ್ ತಪ್ಪಿಲ್ಲ. ಆದ್ರ ಆ ಇಂಡಿಕೇಟರಿನ ಸೀಲ್ ಮಾತ್ರ ಮುಟ್ಟಬ್ಯಾಡ್ರಿ, ಅದು ತೂಕ ಅಳತಿ ಇಲಾಖೆಯವರು ಹಾಕಿದ್ದು.

ಹುಬ್ಬಳ್ಳ್ಯಾಗ ಹುಟ್ಟಿದ ಬ್ಯಾಡಗಿ ಗೇಟ್ ಪಾಸ್

ಮೊದಲ ಪ್ರಿಂಟ್ ಎಲ್ಲಾ ಆಯಾ ಕಂಪ್ಯೂಟರಿಂದನ ಹೋಗತಿತ್ತು. ಸರ್ವರಿಂದ ನೇರ ಪ್ರಿಂಟ್ ಮಾಡೂದು ಶುರು ಮಾಡಿದ ದಿನ ಬ್ಯಾಡಗಿ ಗೇಟಿನ್ಯಾಗ ಪಾಸ್ ಬರವಲ್ದು ಅಂತ ಫೋನು, ಇಲ್ಲಿ ಹುಬ್ಬಳ್ಳಿ ಡಿಸ್ಪ್ಯಾಚ್‌ನ್ಯಾಗ "ಇವು ಯಾರವ್ರಿ ಪಾಸು, ಒಂದ ಸವನ ಬರಾಕತ್ತಾವ" ಅಂತ ಗದ್ದಲ. ಮೂರೂ ಊರಿನ್ಯಾಗ ರೌಟರ್ ಹಾಕಿದವರು ಡಬ್ಬಿಯಿಂದ ತಗದಂಗ ಹಾಕಿ ಹೋಗಿದ್ರು, ಎಲ್ಲಾ ಕಡೆ ಐಪಿ ವಿಳಾಸ (ನೆಟ್‌ವರ್ಕಿನ್ಯಾಗ ಮಶೀನಿನ ಮನಿ ನಂಬರ್) 192.168.1 ರಿಂದನ ಶುರು. ಬ್ಯಾಡಗಿ ಪ್ರಿಂಟರ್ 192.168.1.50, ಹುಬ್ಬಳ್ಳ್ಯಾಗೂ ಒಂದು 192.168.1.50. ಸರ್ವರ್ ಇರೂದು ಹುಬ್ಬಳ್ಳ್ಯಾಗ, ಅದು ದೂರದ ಮನಿ ಯಾಕ ಹುಡಕತೇತಿ, ಬಾಜೂಕಿನ ಬಾಗಲಾ ಬಡೀತು.

ಪಿಂಗ್ (ಆ ವಿಳಾಸದಾಗ ಯಾರರ ಅದಾರೇನು ಅಂತ ಕೇಳೂದು) ಹೊಡದ್ರ ಉತ್ತರ ಬರತೇತಿ, ಅದರ ಮ್ಯಾಲ ನಂಬಿಕಿ ಇಡಬ್ಯಾಡ್ರಿ, ಉತ್ತರ ಕೊಡಾಕತ್ತಿರೂದು ಯಾವದು ಅಂತ ಗೊತ್ತಿಲ್ಲ. ಬ್ಯಾಡಗಿಯವರಿಗೆ ಪ್ರಿಂಟರಿನ ಲ್ಯಾನ್ ವೈರ್ ಕೀಳಾಕ ಹೇಳಿದೆ, ಪಿಂಗ್ ಇನ್ನೂ ಉತ್ತರ ಕೊಡ್ತಾನ ಇತ್ತು. ಅಲ್ಲಿಗೆ ಸಿಕ್ಕಂಗಾತು. ಆಮ್ಯಾಲೆ ಹುಬ್ಬಳ್ಳಿಗೆ 192.168.10, ಬ್ಯಾಡಗಿಗೆ 20, ಗದಗಿಗೆ 30 ಮಾಡಿ, ಊರೂರ ನಡಕ ವಿಪಿಎನ್ ದಾರಿ ಹಾಕಿ, ಪ್ರಿಂಟರಿನ ಮ್ಯಾಕ್ ವಿಳಾಸ (ಮಶೀನಿನ ಹುಟ್ಟು ನಂಬರ್) ರೌಟರಿನ್ಯಾಗ ಬರದು ಐಪಿ ಕಾಯಂ ಮಾಡಿದೆ. ಇಲ್ಲಾಂದ್ರ ಕರೆಂಟ್ ಹೋಗಿ ಬಂದಾಗೊಮ್ಮೆ ಪ್ರಿಂಟರ್ ಹೊಸ ಐಪಿ ತಗೊಂಡು ಕುಂದರತೇತಿ. ಲೇಬಲ್ ಪ್ರಿಂಟರಿಗೆ ಸದ್ಯ ಯಾವ ಐಪಿ ಐತಿ ಅಂತ ತಿಳೀಬೇಕಂದ್ರ ಹೆಚ್ಚಿನವುದರಾಗ ಫೀಡ್ ಬಟನ್ ಒತ್ತಿ ಹಿಡಕೊಂಡು ಪವರ್ ಹಾಕಿದ್ರ ತನ್ನ ಜಾತಕ ತಾನ ಪ್ರಿಂಟ್ ಮಾಡತೇತಿ.

ಹೆಬ್ಬೆಟ್ಟಿನ ಮಶೀನ್, ಸ್ಕ್ಯಾನರ್

ಹಾಜರಿ ಮಶೀನಿಗೆ ಮನಷ್ಯಾರ ಹೆಸರು ಬೇಕಾಗಿಲ್ಲ, ಅದಕ್ಕ ನಂಬರ್ ಅಷ್ಟ. ಗದಗಿನ್ಯಾಗ 17 ಅಂದ್ರ ಒಬ್ಬ ಹಮಾಲಿ ಅಣ್ಣ, ಹುಬ್ಬಳ್ಳ್ಯಾಗ 17 ಅಂದ್ರ ನಮ್ಮ ಅಕೌಂಟ್ಸ್ ಅಕ್ಕಾರು. ಎರಡೂ ಮಶೀನ್ ಒಂದ ಸಾಫ್ಟ್‌ವೇರಿಗೆ ಕೂಡಿಸಿದ ತಿಂಗಳು ಅಕ್ಕಾರು ಮುಂಜಾನೆ 6ಕ್ಕ ಬಂದು ರಾತ್ರಿ 9ಕ್ಕ ಹೋದಂಗ ಓವರ್‌ಟೈಮ್ ಬಂದಿತ್ತು. ಅವರ ಬಂದು ಹೇಳಿದ್ರು, ಬ್ಯಾರೆಯವರಾಗಿದ್ರ ಸುಮ್ಮನ ರೊಕ್ಕ ತಗೋತಿದ್ರೇನೋ. ಈಗ ಹುಬ್ಬಳ್ಳಿಯವರು 1000 ಮ್ಯಾಲ, ಬ್ಯಾಡಗಿಯವರು 2000 ಮ್ಯಾಲ, ಗದಗಿನವರು 3000 ಮ್ಯಾಲ. ಊರು ಬದಲಾದ್ರೂ ನಂಬರ್ ಬದಲಾಗಂಗಿಲ್ಲ, ಹೊಸ ಊರಿನ ಮಶೀನಿಗೆ ಹಳೆ ನಂಬರ್‌ಲೇನ ಬೆರಳ ಹಾಕತೀವಿ. ಮಶೀನ್ ಬದಲ ಮಾಡಿದ್ರ ಅದರ ಸೀರಿಯಲ್ ನಂಬರನ್ನ ಜಾಗಕ್ಕ ಹೊಸದಾಗಿ ಜೋಡಿಸಬೇಕು, ಇಲ್ಲಾಂದ್ರ ಪಂಚ್ ಬರತಾವ, ಯಾವ ಊರಿನವು ಅಂತ ಇರಂಗಿಲ್ಲ. ಒಳಗಿನ ಬ್ಯಾಟರಿ ಸತ್ತ ಮಶೀನ್ ಕರೆಂಟ್ ಹೋಗಿ ಬಂದ ಮ್ಯಾಲ ತಾರೀಖು 2000ಕ್ಕೋ ಎಲ್ಲಿಗೋ ಹೋಗಿರತೇತಿ, ಹಾಜರಿ ಕಾಣವಲ್ದು ಅಂದ್ರ ಒಮ್ಮೆ ಅದರ ಗಡಿಯಾರ ನೋಡ್ರಿ.

ಬಾರ್‌ಕೋಡ್ ಸ್ಕ್ಯಾನರಿಗೆ ಜಾಗ ಇಲ್ಲ ಗೀಗ ಇಲ್ಲ, ಅದು ಕೀಬೋರ್ಡ್ ಇದ್ದಂಗ. ಕೋಡ್ ಬಿದ್ದು ಮುಂದ ಹೋಗವಲ್ದು ಅಂದ್ರ ಎಂಟರ್ ಹಚ್ಚೂ ಸೆಟ್ಟಿಂಗ್ ಹೋಗಿರತೇತಿ, ಅದರ ಪುಸ್ತಕದಾಗಿನ ಬಾರ್‌ಕೋಡ್ ಹೊಡದ್ರ ಬರತೇತಿ.

ಒಂದ ಚೋಪಡಿ

ಈಗ ನಮ್ಮಲ್ಲಿ ಒಂದು ಶೀಟ್ ಐತಿ. ಮಂದಿ ಒಂದು ಪುಟ, ಜಾಗ ಒಂದು ಪುಟ, ಮಶೀನ್ ಒಂದು ಪುಟ, ನಾಲ್ಕನೇ ಪುಟದಾಗ ಯಾರು ಎಲ್ಲಿ ಯಾವ ಮಶೀನ್ ಅಂತ ಜೋಡಿ, ಯಾವ ತಾರೀಖಿಂದ ಯಾವ ತಾರೀಖಿನ ಮಟ. ತಾರೀಖು ಇಲ್ಲದ ಶೀಟ್ ಬರದ್ರ ಬರೇ ಇವತ್ತಿಂದು ಗೊತ್ತಾಗತೇತಿ, ನನಗ ಬೇಕಾಗಿದ್ದು ಹೋದ ಬುಧವಾರದ್ದು. ಜಾಗದ ಕೋಡಿಗೆ ಹಳೆ ಗೋಡೌನ್, ಹೊಸ ಗೋಡೌನ್ ಅಂತ ಹೆಸರಿಡೂದ ಬಿಟ್ವಿ, ಹೊಸಾದು ಹಳೇದಾಗಾಕ ಎರಡು ವರ್ಷ ಸಾಕು. ಮುಚ್ಚಿದ ಗೋಡೌನಿನ ಕೋಡ್ ಇನ್ನೊಂದಕ್ಕ ಕೊಡಂಗಿಲ್ಲ. ಪ್ರತಿ ಲ್ಯಾಪ್‌ಟಾಪ್, ಪ್ರಿಂಟರ್, ಕನ್ವರ್ಟರ್ ಮ್ಯಾಲ ಚೀಟಿ ಅಂಟಿಸೇವಿ, ಕೋಡ್ ಮತ್ತ ಊರಿನ ಹೆಸರು, ಅದರ ಕೆಳಗ ಕೆಂಪ ಪೆನ್ನಿಲೆ "ಊರು ಬಿಡೂ ಮುಂದ ಫೋನ್ ಮಾಡ್ರಿ". ಗೇಟಿನ ಮೂರು ವಾಚ್‌ಮನ್ ಅಣ್ಣಾರು ಮಾತ್ರ ಇನ್ನೂ ಒಂದ ಲಾಗಿನ್ ಬಳಸತಾರ, ಶಿಫ್ಟಿನ ಹಾಳಿ ಜೋಡಿ ಇಟ್ಕೊಂಡು ಯಾರಂತ ಹುಡಕತೀನಿ. ಅದೊಂದು ನನ್ನ ಕೈಲೆ ಇನ್ನೂ ಆಗಿಲ್ಲ.

ಬಿದ್ದದ್ದನ್ನ ಎತ್ತೂದು

ದೋಷ ಸಿಕ್ಕಿತು ಅಂತ ತಪ್ಪು ಎಂಟ್ರಿ ಅಳಸಾಕ ಹೋಗಬ್ಯಾಡ್ರಿ. ಮೊದಲ ಮಶೀನಿನ ಸೆಟ್ಟಿಂಗ್ ತಿದ್ದಿ ಒಂದ್ ಚೀಲ ತೂಗಿ ಸರಿ ಜಾಗಕ್ಕ ಬಿತ್ತೇನು ನೋಡ್ರಿ, ಇಲ್ಲಾಂದ್ರ ನೀವು ಹಳೇದು ತಿದ್ದೂದರಾಗ ಹೊಸ ತಪ್ಪು ಬಿದ್ದಿರತಾವ. ಆಮ್ಯಾಲೆ ತಪ್ಪಿದ ಎಂಟ್ರಿಗಳ ಪಟ್ಟಿ ತಗೋರಿ, ಟೈಮ್ ಮತ್ತ ಮಶೀನಿನ ಕೋಡ್ ಮ್ಯಾಲ, ಮನಷ್ಯಾನ ಹೆಸರಿನ ಮ್ಯಾಲ ಅಲ್ಲ. ಇ-ವೇ ಬಿಲ್ ಆಗಿದ್ರ ಅದನ್ನ ಎಲ್ಲಾಕ್ಕಿಂತ ಮೊದಲ ಹಿಡೀರಿ, ಮಾಡಿದ 24 ತಾಸಿನ ಒಳಗ ಅಷ್ಟ ರದ್ದು ಮಾಡಾಕ ಬರತೇತಿ. ಉಳದ ಸ್ಟಾಕಿಗೆ ತಿರಗಾ ಟ್ರಾನ್ಸ್‌ಫರ್ ಹಾಕ್ರಿ, ಷರಾ ಕಾಲಂದಾಗ ಯಾಕ ಅಂತ ಒಂದ್ ಸಾಲು ಬರೀರಿ.

212 ಚೀಲಕ್ಕ ನಾ ಹಂಗ ಮಾಡಿದೆ. ರಾತ್ರಿ ಹತ್ತೂವರಿಗೆ ಲ್ಯಾಪ್‌ಟಾಪ್‌ನ್ಯಾಗ ಆ ಒಂದು ಸಾಲು ತಿದ್ದಿಸಿ, ಗದಗಿಂದ ಬ್ಯಾಡಗಿಗೆ ಒಂದ ಟ್ರಾನ್ಸ್‌ಫರಿನ್ಯಾಗ ಎಲ್ಲಾ ಹೊಳ್ಳಿ ಹಾಕಿದೆ, ಷರಾದಾಗ "ವೇಬ್ರಿಜ್ ಲ್ಯಾಪ್‌ಟಾಪ್ ಜಾಗದ ಕೋಡ್ ತಪ್ಪು, ಮಾಲ್ ಜಾಗ ಬಿಟ್ಟು ಹೋಗಿಲ್ಲ" ಅಂತ ಬರದೆ. ಬ್ಯಾಡಗಿ ಲೆಕ್ಕದಾಗಿನ ಮೈನಸ್ ಅಳೀತು, ಚಲನ್ ಹರೀತು, ಲಾರಿ ಹನ್ನೊಂದಕ್ಕ ಗೇಟ್ ದಾಟಿತು.